ಬೆನ್ನುನೋವಿನ ಬಿಂದುಶ್ರೀ

ಮಂಗಳವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ನೆವಾರ್ಕಿನ ಆ ಬೀದಿಯಲ್ಲಿ ಎಲೆ ಊದುವ ಯಂತ್ರ ಶುರುವಾಗುತ್ತದೆ. ದೊಡ್ಡ ಜೀರುಂಡೆಯೊಂದು ಶೀಶೆಯೊಳಗೆ ಸಿಕ್ಕಿಬಿದ್ದು ಗೋಳಾಡುವಂಥ ಸದ್ದು. ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡ ಕೆಲಸದವರು ಈ ಮನೆಯ ಮುಂದಿನ ಎಲೆಗಳನ್ನು ಆ ಮನೆಯ ಮುಂದಕ್ಕೆ ಊದಿ ಹೋಗುತ್ತಾರೆ. ಗುರುವಾರ ಆ ಮನೆಯವರ ಕೆಲಸದವರು ಬಂದು ಅವೇ ಎಲೆಗಳನ್ನು ಮರಳಿ ಈ ಮನೆಯ ಮುಂದಕ್ಕೆ ಊದುತ್ತಾರೆ. ಎರಡೂ ಮನೆಯವರು ದುಡ್ಡು ಕೊಡುತ್ತಾರೆ. ಎಲೆಗಳು ಎಲ್ಲಿಗೂ ಹೋಗುವುದಿಲ್ಲ.

ಬಿಂದುಶ್ರೀ ಒಂದಿಡೀ ಚಳಿಗಾಲ ಪರದೆ ಎಳೆದ ಕೋಣೆಯಲ್ಲಿ ಮಲಗಿ ಆ ಸದ್ದು ಕೇಳಿದಳು. ಮೊದಮೊದಲು ಅದು ತನ್ನ ತಲೆಯೊಳಗೇ ಹುಟ್ಟುತ್ತಿದೆ ಎನಿಸುತ್ತಿತ್ತು. ಆಮೇಲಾಮೇಲೆ ಮಂಗಳವಾರ ಯಾವುದು, ಗುರುವಾರ ಯಾವುದು ಎಂದು ತಿಳಿಯಲು ಅವಳಿಗೆ ಉಳಿದ ಗುರುತು ಅದೊಂದೇ ಆಯಿತು. ವಿಮಾ ಕಂಪನಿಯವರು ಹೇಗೆ ಕೆಲಸ ಮಾಡುತ್ತಾರೆ ಎಂದು ಯಾರಾದರೂ ಈಗ ಕೇಳಿದರೆ ಅವಳು ಮಾತಾಡದೆ ಕಿಟಕಿಯ ಕಡೆ ಕೈ ತೋರಿಸುತ್ತಾಳೆ.

ಹಾಗೆ ಮಲಗಿರುವ ಪೈಕಿಯ ಹೆಂಗಸಲ್ಲ ಅವಳು. ಮದ್ದೂರಿನ ಕಡೆಯವಳು, ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿದವಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಔಷಧಿ ತಯಾರಿಸುವ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ. ಮದ್ದು ಮಾಡುವವರು ಏನೇನು ಮಾಡಿದರೋ ಅದನ್ನೆಲ್ಲ ಹಾಳೆಯ ಮೇಲೆ ಬರೆದಿಡುತ್ತಾರೆ: ಯಾರು ಎಷ್ಟು ತೂಗಿದರು, ಎಷ್ಟು ಬಿಸಿಯಲ್ಲಿಟ್ಟರು, ಯಾರು ನಿಂತು ನೋಡಿದರು. ಆ ಹಾಳೆಗಳನ್ನು ಸಾಲು ಸಾಲಾಗಿ ಓದಿ, ತಪ್ಪಿಲ್ಲವೆಂದು ಸಹಿ ಹಾಕುವವಳು ಅವಳು. ಅವಳ ಸಹಿ ಬೀಳದೆ ಔಷಧಿ ಬಾಗಿಲು ದಾಟುವುದಿಲ್ಲ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ, ಬರೆದಿಡದಿದ್ದರೆ ಅದು ನಡೆದೇ ಇಲ್ಲ ಎಂಬುದು. ಎರಡನೆಯದು, ತಪ್ಪು ಬರೆದರೆ ಅಳಿಸಬೇಡಿ, ಬಿಳಿ ಬಳಿಯಬೇಡಿ. ಅದರ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ತಾರೀಖು ಹಾಕಿ ಎಂಬುದು. ಆವತ್ತೇ ಬರೆಯುವುದನ್ನು ಮರೆತಿದ್ದರೆ ಮೇಲೆ ‘ತಡವಾಗಿ ಬರೆದದ್ದು’ ಎಂದು ಒಪ್ಪಿಕೊಂಡು ಬರೆಯಬೇಕು. ತಡವಾಗಿ ಬರೆಯುವುದಕ್ಕೆ ಅಲ್ಲಿ ಮರ್ಯಾದೆಯಿದೆ. ಬರೆಯದಿರುವುದಕ್ಕಿಲ್ಲ.

ಒಂದು ದಿನ ಅವಳು ತಾನು ಸಹಿ ಹಾಕಿದ ಹಾಳೆಯನ್ನೇ ನೋಡುತ್ತ ಕೂತಳು. ಸಹಿ ಅವಳದೇ. ಓದಿದ ನೆನಪಿರಲಿಲ್ಲ. ಮತ್ತೆ ಓದಲು ನೋಡಿದಳು. ಅಂಕಿಗಳು ಎಣ್ಣೆ ಹಚ್ಚಿದ ಹಾಗೆ ಜಾರಿಹೋಗುತ್ತಿದ್ದವು. ತಾನಾಗಿಯೇ ಮೇಲಿನವರಿಗೆ ಹೇಳಿ ಇನ್ನೊಬ್ಬರಿಂದ ಓದಿಸಿದಳು. ತಪ್ಪೇನೂ ಇರಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ಆಫೀಸಿಗೆ ಹೊರಟವಳು ಕೊಲ್ಲಿಯ ಮೇಲಿನ ಡಂಬಾರ್ಟನ್ ಸೇತುವೆ ಹತ್ತುವ ಮುಂಚಿನ ಎಕ್ಸಿಟ್ಟು ಹಿಡಿದು, ಉಪ್ಪುನೀರಿನ ಜೌಗಿನ ಪಕ್ಕ ಕಾರು ನಿಲ್ಲಿಸಿದಳು. ನೀರಿನಲ್ಲಿ ಒಂದು ಬೆಳ್ಳಕ್ಕಿ ಒಂಟಿಗಾಲಲ್ಲಿ ನಿಂತಿತ್ತು. ಅದು ಕಾಲು ಬದಲಿಸಲಿ, ಆಮೇಲೆ ಹೊರಡುತ್ತೇನೆ ಎಂದುಕೊಂಡಳು. ಸಂಜೆ ಮಗಳು ನವ್ಯಾ ಫೋನು ಮಾಡಿ “ಅಮ್ಮಾ, ವೇರ್ ಆರ್ ಯೂ?” ಎಂದಾಗಲೂ ಚಿತ್ರಾನ್ನದ ಡಬ್ಬಿ ಮುಚ್ಚಿದ ಹಾಗೇ ತೊಡೆಯ ಮೇಲಿತ್ತು.

ಗಂಡ ಅಜಯ್ ಅವಳನ್ನು ಡಾಕ್ಟರ್ ವ್ಯಾಸರಾಜರ ಹತ್ತಿರ ಕರೆದುಕೊಂಡು ಹೋದ. ಫ್ರೀಮಾಂಟಿನಲ್ಲಿ ಅವರ ಕ್ಲಿನಿಕ್ಕು. ಕನ್ನಡ ಕೂಟಕ್ಕೆ ಅಧ್ಯಕ್ಷರಾಗಿದ್ದವರು, ಅರ್ಧ ಊರಿನ ಕನ್ನಡಿಗರ ಸಕ್ಕರೆ ಎಷ್ಟು, ಕೊಲೆಸ್ಟ್ರಾಲ್ ಎಷ್ಟು ಎಂಬುದು ಬಾಯಿಪಾಠವಿದ್ದವರು. ಬಿಂದುಶ್ರೀ ಅವರಿಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಅವರು ತಲೆದೂಗುತ್ತ ಕೇಳಿದರು. ಕಂಪ್ಯೂಟರಿನಲ್ಲಿ ಬರೆಯಲು ಕೈಯಿಟ್ಟಾಗ ಅಜಯ್ ಕುರ್ಚಿಯ ತುದಿಗೆ ಜರುಗಿದ.

“ಸರ್, ಆ ಪದ ಒಂದು ರೆಕಾರ್ಡಲ್ಲಿ ಬೇಡ ಸರ್. ನಾಳೆ ಮಗಳು ದೊಡ್ಡೋಳಾಯ್ತಾಳೆ. ಸಂಬಂಧ ಗಿಂಬಂಧ ಅಂತ ಬಂದಾಗ ನಮ್ ಕಡೆ ಜನ ಗೊತ್ತಲ್ಲ ನಿಮಗೆ.”

ವ್ಯಾಸರಾಜರು ಕನ್ನಡಕವನ್ನು ಹಣೆಗೇರಿಸಿ ಬಿಂದುಶ್ರೀಯ ಕಡೆ ತಿರುಗಿದರು.

“ಬೆನ್ನು ನೋಯುತ್ತೇನಮ್ಮ?”

“ದಿನಾ ಮಲಗಿದ್ರೆ ಯಾರ ಬೆನ್ನು ನೋಯಲ್ಲ ಡಾಕ್ಟ್ರೇ?”

“ಸಾಕು ಬಿಡು. ಬೆನ್ನುನೋವು ಅಂತ ಬರೆಯೋಣ. ಸುಳ್ಳೂ ಆಗಲಿಲ್ಲ, ನಿನಗೆ ರಜಾನೂ ಸಿಕ್ತು.”

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಇಬ್ಬರು ಗಂಡಸರೂ ಹಗುರಾದರು. ಹದಿಮೂರು ವರ್ಷದ ಹುಡುಗಿಯ ಎಂದೋ ಆಗಬಹುದಾದ ಮದುವೆಗೆ, ಎಲ್ಲಿದ್ದಾನೋ ಗೊತ್ತಿಲ್ಲದ ಗಂಡಿನ ಕಡೆಯವರು ಎಂದೂ ನೋಡಲಾಗದ ಒಂದು ಕಡತವನ್ನು ಅವರು ಆ ಮಧ್ಯಾಹ್ನ ಮಡಿ ಮಾಡಿಟ್ಟರು. ಡಾಕ್ಟರ ಬೆರಳುಗಳು ಕೀಲಿಗಳ ಮೇಲೆ ಓಡುವುದನ್ನು ಬಿಂದುಶ್ರೀ ನೋಡಿದಳು. ಲ್ಯಾಬಿನಲ್ಲಾಗಿದ್ದರೆ ಆ ಕೈಯನ್ನು ಹಿಡಿದು ನಿಲ್ಲಿಸುತ್ತಿದ್ದಳು. ಆ ದಿನ ಅವಳಿಗೆ ತನ್ನ ಕೈಯನ್ನು ಎತ್ತುವುದೇ ಒಂದು ಕೆಲಸವಾಗಿತ್ತು.

ಸುಳ್ಳು ಸಣ್ಣದೇ. ಆದರೆ ಸಾಕುವುದು ಕಷ್ಟ. ಬೆನ್ನುನೋವೆಂದ ಮೇಲೆ ಸ್ಕ್ಯಾನು ಮಾಡಿಸಬೇಕಾಯಿತು, ಬೆಲ್ಟು ಬೇಕಾಯಿತು. ಅಜಯ್ ಅಗಲವಾದದ್ದೊಂದನ್ನು ತಂದ. ಕೂಟದ ಕಾರ್ಯಕ್ರಮಕ್ಕೆ ಹೋಗುವಾಗ ಅವಳು ಅದನ್ನು ಸೀರೆಯ ಮೇಲೆ ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡಳು. ಮನೆಗೆ ಯಾರಾದರೂ ಬರುತ್ತಾರೆಂದರೆ ಮೊದಲು ಅಜಯ್ ಅವಳ ಬೆನ್ನಿಗೆ ನೋವಿನೆಣ್ಣೆ ತಿಕ್ಕುತ್ತಿದ್ದ. ಸುಳ್ಳಿಗೆ ವಾಸನೆಯೂ ಇರಲಿ ಎಂದು. ಕಂಡವರೆಲ್ಲ ಎಣ್ಣೆ ಕೊಟ್ಟರು. ಊರಿನಿಂದ ಅತ್ತೆ ದೊಡ್ಡತಾಯಮ್ಮ ವಿಡಿಯೋದಲ್ಲಿ, “ಹರಳೆಣ್ಣೆ ಬಿಸಿ ಮಾಡಿ ನೀವ್ಸ್ಕೊಳವ್ವ, ಬೆನ್ನು ಹೋದ್ರೆ ಹೆಂಗ್ಸು ಹೋದಂಗೆ” ಎಂದರು. ಕಪಾಟಿನ ಒಂದು ಸಾಲು ತುಂಬ ಎಣ್ಣೆಯ ಶೀಶೆಗಳು ನಿಂತವು. ಮನಸ್ಸು ಕೆಟ್ಟಿದೆ ಎಂದಿದ್ದರೆ ಅವರಲ್ಲಿ ಎಷ್ಟು ಜನ ಬಾಗಿಲವರೆಗೆ ಬರುತ್ತಿದ್ದರೋ, ಪರೀಕ್ಷಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆರು ತಿಂಗಳು ಹಾಗೇ ಕಳೆಯಿತು. ಕೊನೆಗೆ ನವ್ಯಾ ಒಂದು ದಿನ ಸ್ಕೂಲಿನಿಂದ ಬಂದವಳೇ ಚೀಟಿಯೊಂದನ್ನು ಅಮ್ಮನ ದಿಂಬಿನ ಮೇಲಿಟ್ಟಳು. ಸ್ಕೂಲಿನ ಕೌನ್ಸೆಲರ್ ಕೊಟ್ಟ ಫೋನ್ ನಂಬರು, ಮನೋವೈದ್ಯೆಯೊಬ್ಬಳದು.

“ನೀನು ಅವರಿಗೆ ಏನಂತ ಹೇಳ್ದೆ?” ಅಜಯ್ ಗಾಬರಿಯಾದ.

“ದಟ್ ಮೈ ಮಾಮ್ ಈಸ್ ಡಿಪ್ರೆಸ್ಡ್, ಅಪ್ಪಾ. ಎವ್ರಿಬಡೀಸ್ ಮಾಮ್ ಹ್ಯಾಸ್ ಸಮ್‌ಥಿಂಗ್” ಎಂದು ಅವಳು ಫ್ರಿಜ್ಜಿನ ಬಾಗಿಲು ತೆಗೆದಳು.

ಯಾರ ಮದುವೆಗಾಗಿ ಆ ಪದವನ್ನು ಹೂತಿಟ್ಟಿದ್ದರೋ ಅವಳೇ ಅದನ್ನು ಕೌನ್ಸೆಲರ್ ಮುಂದೆ ಇಟ್ಟು ಬಂದಿದ್ದಳು. ಆಕಾಶವೇನೂ ಬೀಳಲಿಲ್ಲ.

ಮನೋವೈದ್ಯೆ ನೋಡಿದಳು, ಸರಿಯಾದ ಹೆಸರು ಬರೆದಳು, ಮಾತ್ರೆ ಶುರುಮಾಡಿದಳು, ಸದ್ಯಕ್ಕೆ ಕೆಲಸದ ಮಾತು ಬೇಡ ಎಂದಳು. ಕೆಲಸಕ್ಕೆ ಸೇರಿದಾಗಲೇ ಮಾಡಿಸಿದ್ದ ವಿಮೆಯೊಂದು ಬಿಂದುಶ್ರೀಗಿತ್ತು. ಲಾಂಗ್ ಟರ್ಮ್ ಡಿಸೆಬಿಲಿಟಿ ಎಂದು ಅದರ ಹೆಸರು. ಕಾಯಿಲೆಯಿಂದ ಸತತ ಆರು ತಿಂಗಳು ಕೆಲಸ ಮಾಡಲಾಗದವರಿಗೆ ಅಲ್ಲಿಂದ ಮುಂದೆ ಸಂಬಳದ ಒಂದು ಪಾಲು ಕೊಡುತ್ತೇವೆ ಎಂದು ಅದರಲ್ಲಿ ಬರೆದಿತ್ತು. ಅದು ಬಂದರೆ ಗುಣವಾಗುವವರೆಗೆ ಮನೆಯಲ್ಲಿರಬಹುದು. ಬರದಿದ್ದರೆ ಮನೆಯ ಸಾಲಕ್ಕಾಗಿ ಮತ್ತೆ ಆ ಕುರ್ಚಿಯಲ್ಲಿ ಕೂತು, ಜಾರುವ ಅಂಕಿಗಳ ಕೆಳಗೆ ಸಹಿ ಹಾಕಬೇಕು. ಆ ಔಷಧಿ ಯಾವ ಮಗುವಿನ ನರಕ್ಕೆ ಹೋಗುತ್ತದೋ ಎಂದು ನೆನೆದಳು. ಅರ್ಜಿ ಹಾಕಿದಳು.

ವಿಮಾ ಕಂಪನಿಯಿಂದ ಒಬ್ಬಳು ಫೋನು ಮಾಡಿದಳು. ಜೇನು ತೊಟ್ಟಿಕ್ಕುವ ದನಿ. ಹೇಗಿದ್ದೀರಿ ಎಂದು ಕೇಳಿದಳು. ಬಿಂದುಶ್ರೀ, “ಐ ಆಮ್ ಫೈನ್, ಥ್ಯಾಂಕ್ಯೂ, ಹೌ ಆರ್ ಯೂ?” ಎಂದಳು. ಇನ್ನೇನನ್ನುತ್ತಾಳೆ? ಅಮಂಗಳವನ್ನು ಬಾಯಿಂದ ಆಡಬಾರದು, ಮೇಲೆ ಅಸ್ತು ದೇವತೆಗಳು ಸುಳಿದಾಡುತ್ತಿರುತ್ತಾರೆ, ಅಂದದ್ದಕ್ಕೆಲ್ಲ ಅಸ್ತು ಎಂದುಬಿಡುತ್ತಾರೆ ಎಂದು ಕಲಿತು ಬೆಳೆದವಳು. ಅಕ್ಕಿ ಮುಗಿದರೆ ಮುಗಿಯಿತು ಎನ್ನದ, ಹೊರಟರೆ ಹೋಗಿಬರುತ್ತೇನೆ ಎನ್ನುವ ಮನೆಯ ಮಗಳು. ಅಸ್ತು ಎನ್ನುವವರು ಮೇಲಿಲ್ಲ, ಫೋನಿನ ಆ ತುದಿಯಲ್ಲಿ ಟೈಪು ಮಾಡುತ್ತ ಕೂತಿರುತ್ತಾರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕೆಲವು ವಾರಗಳ ಮೇಲೆ ಉತ್ತರ ಬಂತು. ತುಂಬ ವಿನಯದ ಉತ್ತರ. ತಮ್ಮ ತೊಂದರೆಯನ್ನು ನಾವು ಅರ್ಥ ಮಾಡಿಕೊಳ್ಳುತ್ತೇವೆ, ಆದರೆ ಮೊದಲ ಆರು ತಿಂಗಳ ವೈದ್ಯಕೀಯ ದಾಖಲೆಯಲ್ಲಿ ಮಾನಸಿಕ ಕಾಯಿಲೆಯ ಒಂದು ಅಕ್ಷರವೂ ಇಲ್ಲ, ಬೆನ್ನುನೋವು ಎಂದಿದೆ, ಬೆನ್ನಿನ ಸ್ಕ್ಯಾನು ಚೆನ್ನಾಗಿದೆ, ಕ್ಲೇಮುದಾರರು ಫೋನಿನಲ್ಲಿ ತಾವು ಚೆನ್ನಾಗಿರುವುದಾಗಿ ತಿಳಿಸಿ, ಅಧಿಕಾರಿಯ ಯೋಗಕ್ಷೇಮವನ್ನೂ ವಿಚಾರಿಸಿದ್ದಾರೆ. ಇದಕ್ಕೆ ಒಂದು ಫೋಟೋ ಲಗತ್ತಿಸಿತ್ತು. ಕನ್ನಡ ಕೂಟದ ಪುಟದಿಂದ ತೆಗೆದದ್ದು. ಯುಗಾದಿಯ ದಿನ ಬಿಂದುಶ್ರೀ ಬಿಸಿಬೇಳೆಬಾತಿನ ದೊಡ್ಡ ಪಾತ್ರೆಯನ್ನು ಎತ್ತಿಕೊಂಡು ನಗುತ್ತಿದ್ದಾಳೆ.

ಒಂದೇ ಫೋಟೋದಲ್ಲಿ ಎರಡು ಕಾಯಿಲೆ ವಾಸಿ. ಬೆನ್ನು ನೋಯುವವರು ಪಾತ್ರೆ ಎತ್ತುವುದಿಲ್ಲ, ಮನಸ್ಸು ನೊಂದವರು ನಗುವುದಿಲ್ಲ. ವಿಮಾ ಕಂಪನಿಯ ವೈದ್ಯಶಾಸ್ತ್ರ ಅಷ್ಟು ಸರಳ. ಫೋಟೋ ತೆಗೆದವನು “ಮೇಡಂ ಸ್ಮೈಲು, ಸ್ಮೈಲು!” ಎಂದು ಕೂಗಿದ್ದು ಫೋಟೋದಲ್ಲಿ ಕೇಳುವುದಿಲ್ಲ. ಪಾತ್ರೆಯನ್ನು ಇಳಿಸಿದವಳು ನೇರ ಕಾರಿಗೆ ಹೋಗಿ, ಸ್ಟಿಯರಿಂಗಿಗೆ ಹಣೆಯಿಟ್ಟು ಕಾರ್ಯಕ್ರಮ ಮುಗಿಯುವವರೆಗೆ ಕೂತದ್ದು ಯಾವ ಪುಟದಲ್ಲೂ ಇಲ್ಲ. ಬರೆದಿಡದ್ದು ನಡೆದೇ ಇಲ್ಲ.

ಆರು ತಿಂಗಳೊಳಗೆ ಮೇಲ್ಮನವಿ ಹಾಕಬಹುದಿತ್ತು, ಅದೂ ಒಂದೇ ಸಲ. ಎಮರಿವಿಲ್ಲಿನಲ್ಲಿ ಇಂಥದ್ದನ್ನೇ ನೋಡುವ ಒಬ್ಬಳು ವಕೀಲೆ ಸಿಕ್ಕಳು. ಹೆಸರು ವಿಭಾ. ಇಲ್ಲೇ ಹುಟ್ಟಿದವಳು, ಅಪ್ಪ ಅಮ್ಮ ಹುಬ್ಬಳ್ಳಿಯವರು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆಡುವಾಗ ಮಾತ್ರ ಕಲ್ಲುದಾರಿಯಲ್ಲಿ ಬರಿಗಾಲಲ್ಲಿ ನಡೆದ ಹಾಗೆ.

“ಆಂಟಿ, ಫಸ್ಟ್ ರೂಲ್. ಯಾರು ಹೇಗಿದ್ದೀರಿ ಅಂದ್ರೂ ಫೈನ್ ಅನ್ಬಾರ್ದು. ಸೆಕೆಂಡ್, ನಿಮ್ಮನ್ನ ನೋಡಿದವ್ರು, ಫ್ರೆಂಡ್ಸು, ಫ್ಯಾಮಿಲಿ, ಅವ್ರ ಹತ್ರ ಸ್ಟೇಟ್‌ಮೆಂಟ್ ಬೇಕು. ನೀವು ಏನು ಮಾಡಕ್ಕೆ ಆಗ್ತಿರ್ಲಿಲ್ಲ, ಅದು.”

ಅಜಯ್ ಹೋಗಿ ಸ್ನೇಹಿತರನ್ನು ಕೇಳಿದ. ಹೆಂಡತಿಯ ಇನ್ಶೂರೆನ್ಸಿಗೆ ಒಂದು ಕಾಗದ ಬೇಕು, ಅವಳ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದ. ಯಾತಕ್ಕೆ, ಯಾವ ಕಾಯಿಲೆಗೆ ಎಂದು ಅವನ ಬಾಯಿಂದ ಹೊರಡಲಿಲ್ಲ. ಕೇಳಿದವರು ಧಾರಾಳಿಗಳು. ಕೂಟದ ಖಜಾಂಚಿ ಕುಬೇರಪ್ಪನವರು ಬರೆದರು: ಶ್ರೀಮತಿ ಬಿಂದುಶ್ರೀಯವರು ಸದಾ ಹಸನ್ಮುಖಿ, ಕಾರ್ಯದಕ್ಷೆ, ಅವರ ಮನೋಸ್ಥೈರ್ಯ ನಮಗೆಲ್ಲ ಮಾದರಿ. ಪಕ್ಕದ ಬೀದಿಯ ಸೌದಾಮಿನಿ, ಉಡುಪಿಯವಳು, ಬಿಂದುಶ್ರೀಗೆ ಎಲ್ಲರಿಗಿಂತ ಹತ್ತಿರದವಳು, ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು: ಬಿಂದು ಒಂದು ನಿಮಿಷವೂ ಸುಮ್ಮನೆ ಕೂತವಳಲ್ಲ, ಅವಳ ಕೈಯ ಹೋಳಿಗೆ ತಿಂದವರೇ ಭಾಗ್ಯವಂತರು, ಇಂಥವಳಿಗೆ ನೆರವು ಕೊಡುವವರೂ ಭಾಗ್ಯವಂತರು. ಇನ್ನೊಬ್ಬರು ಅವಳ ಗೆಜ್ಜೆವಸ್ತ್ರದ ಅಂದವನ್ನೇ ಒಂದು ಪ್ಯಾರಾ ಹೊಗಳಿದ್ದರು. ಅಜಯನೂ ಒಂದು ಬರೆದಿದ್ದ. ನಮ್ಮದು ಸುಖೀ ಸಂಸಾರ ಎಂದು ಅದು ಶುರುವಾಗುತ್ತಿತ್ತು.

ವಿಭಾ ಎಲ್ಲವನ್ನೂ ಓದಿ ಮೇಜಿನ ಮೇಲೆ ಕವುಚಿಟ್ಟಳು.

“ಆಂಟಿ, ಇವ್ರೆಲ್ಲ ನಿಮ್ಗೆ ಎರಡನೇ ಮದ್ವೆ ಮಾಡ್ತಿದ್ದಾರಾ?”

ಬಿಂದುಶ್ರೀ ನಕ್ಕುಬಿಟ್ಟಳು. ಎಷ್ಟೋ ತಿಂಗಳ ಮೇಲೆ ಬಂದ ನಗು, ಗಂಟಲಲ್ಲಿ ಧೂಳಿನ ಹಾಗೆ ಎದ್ದಿತು. “ಫೋಟೋ ತೆಗೀಬೇಡಿ ಮತ್ತೆ” ಎಂದಳು.

“ಇದನ್ನ ಕಳಿಸಿದ್ರೆ ಅವ್ರು ಫ್ರೇಮ್ ಹಾಕಿಸ್ಕೋತಾರೆ. ಸೀರಿಯಸ್ಲಿ. ನಂಗೆ ಆ ಫಸ್ಟ್ ಡಾಕ್ಟರ್ ಬೇಕು. ಮೊದಲ್ನೇ ದಿನಾನೇ ಪೇಶೆಂಟ್ ಎಲ್ಲ ಹೇಳಿದ್ರು, ನಾನು ಬರೀಲಿಲ್ಲ ಅಂತ ಅವ್ರು ಒಂದು ಲೆಟರ್ ಕೊಡ್ಬೇಕು.”

“ಕೊಡದೇ ಇದ್ರೆ?”

“ದೆನ್ ನೀವೇ ಬರೀಬಹುದು. ನಿಮ್ಮ ಚಾರ್ಟಿಗೆ ನೀವೇ ಸೇರಿಸೋ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ ಪೇಶೆಂಟಿಗೆ ಆ ರೈಟ್ ಇದೆ. ಡಾಕ್ಟರ್ ಬೇಡ ಅನ್ನೋ ಹಾಗಿಲ್ಲ, ಫೈಲಲ್ಲಿ ಇಡ್ಲೇಬೇಕು. ಬಟ್ ನಿಮ್ಮ ಬಗ್ಗೆ ನೀವೇ ಬರೀಬೇಕು ಆಂಟಿ. ವರ್ಸ್ಟ್ ದಿನ. ಆಗುತ್ತಾ?”

“ತಡವಾಗಿ ಬರೆದದ್ದು” ಎಂದಳು ಬಿಂದುಶ್ರೀ.

“ವಾಟ್?”

“ಏನಿಲ್ಲ. ನಮ್ಮ ಲ್ಯಾಬಲ್ಲಿ ಅದಕ್ಕೆ ಒಂದು ಹೆಸರಿದೆ.”

ವ್ಯಾಸರಾಜರಿಗೆ ಫೋನು ಮಾಡಿದರೆ ಅವರು ಲೆಟರಿನ ಮಾತಿಗೆ ಸಿಗಲಿಲ್ಲ. “ಭಾನುವಾರ ಮನೇಲಿ ಪೂಜೆ ಇದೆ, ಗಂಡ ಹೆಂಡ್ತಿ ಬಂದುಬಿಡಿ, ಪ್ರಸಾದ ತಗೊಂಡು ಮಾತಾಡೋಣ” ಎಂದರು. ಬಿಂದುಶ್ರೀ ಒಂದು ವಾರ ಅಡಿಗೆಮನೆಯ ಮೇಜಿನ ಮುಂದೆ ಕೂತಳು. ಒಂದು ಸಾಲು ಬರೆಯುವುದು, ಎದ್ದು ಹೋಗಿ ಮಲಗುವುದು. ಎರಡನೆಯ ಸಾಲಿಗೆ ಮಾರನೆಯ ದಿನ ಬರುವುದು. ಬರೆದ ಮಾತು ಕಾಗದದಿಂದೆದ್ದು ತನ್ನನ್ನೇ ನೋಡುತ್ತದೆ ಎನಿಸುತ್ತಿತ್ತು. ಒಂದೆರಡು ಕಡೆ ಸುಳ್ಳು ನುಸುಳಿತ್ತು, ತನ್ನನ್ನು ಚೆನ್ನಾಗಿ ಕಾಣಿಸುವ ಸುಳ್ಳು. ಅವನ್ನು ಅಳಿಸಲಿಲ್ಲ. ಗೆರೆ ಎಳೆದು ಪಕ್ಕದಲ್ಲಿ ನಿಜ ಬರೆದು ಸಹಿ ಹಾಕಿದಳು.

ಭಾನುವಾರ ಬೆಟ್ಟದ ಬುಡದ ಆ ದೊಡ್ಡ ಮನೆಯ ಹಾಲಿನಲ್ಲಿ ಕಾಗದದ ತಟ್ಟೆಗಳು ಓಡಾಡುತ್ತಿದ್ದವು. ಬಾಗಿಲಲ್ಲೇ ಕುಬೇರಪ್ಪನವರು, “ಬೆಲ್ಟ್ ಇಲ್ವಲ್ಲ! ಬೆನ್ನು ವಾಸಿಯಾಯ್ತಾ?” ಎಂದರು. ಮೂಲೆಯಿಂದ ಸೌದಾಮಿನಿ, “ಬಾ ಮಾರಾಯ್ತಿ, ಇಲ್ಲಿ ಒರಗಿ ಕೂತ್ಕೊ, ನೆಲದಲ್ಲಿ ಬೇಡ” ಎಂದು ದಿಂಬು ಸರಿಸಿದಳು. ಬಿಂದುಶ್ರೀ ಕೂರಲಿಲ್ಲ. ವ್ಯಾಸರಾಜರು ರೇಷ್ಮೆ ಪಂಚೆಯ ಅಂಚು ಹಿಡಿದುಕೊಂಡು ತೀರ್ಥದ ಬಟ್ಟಲು ತಂದರು.

“ಮೊದಲು ಊಟ. ಆಮೇಲೆ ಆಫೀಸ್ ರೂಮಲ್ಲಿ ಕೂತು ನಿನ್ನ ಆ ಲೆಟರಿನ ವಿಷಯ...”

“ಕೊಡ್ತೀರಾ ಡಾಕ್ಟ್ರೇ?”

ಅವರು ದನಿ ತಗ್ಗಿಸಿದರು. “ನೋಡಮ್ಮ, ಬರೆಯದೇ ಬಿಟ್ಟೆ ಅಂತ ನಾನೇ ಬರೆದುಕೊಟ್ರೆ ನನ್ನ ಲೈಸೆನ್ಸಿನ ಗತಿ? ಬೇಕಾದ್ರೆ ಬೆನ್ನುನೋವಿನ ದೆಸೆಯಿಂದ ಮನಸ್ಸಿಗೆ ಸ್ವಲ್ಪ ಬೇಸರ ಇತ್ತು ಅಂತ ಬರೀತೀನಿ. ನಿನ್ನ ಒಳ್ಳೇದಕ್ಕೇ ಅಲ್ವೇನಮ್ಮ ನಾವೆಲ್ಲ ಮಾಡಿದ್ದು? ಅಜಯ್, ನೀನಾದ್ರೂ ಹೇಳಪ್ಪ.”

ಅಜಯ್ ತೀರ್ಥ ಹಿಡಿದ ಅಂಗೈಯನ್ನು ನೋಡುತ್ತಿದ್ದ. ಬೆರಳ ಸಂದಿಯಿಂದ ನೀರು ಸೋರಿ ಕಾರ್ಪೆಟ್ಟಿಗೆ ಬಿತ್ತು.

ಒಳ್ಳೆಯದಕ್ಕೆ. ಆ ಮನೆಯಲ್ಲಿ ಆ ದಿನ ಇದ್ದವರೆಲ್ಲ ಅವಳ ಒಳ್ಳೆಯದಕ್ಕೇ ಏನಾದರೊಂದು ಮಾಡಿದ್ದರು. ಎಣ್ಣೆ ಕೊಟ್ಟಿದ್ದರು, ಹೊಗಳಿ ಬರೆದಿದ್ದರು, ಫೋಟೋ ತೆಗೆದಿದ್ದರು. ಅಷ್ಟು ಒಳ್ಳೆಯದರ ಅಡಿಯಲ್ಲಿ ಒಬ್ಬ ಗಟ್ಟಿಮುಟ್ಟು ಹೆಂಗಸೂ ಉಸಿರುಕಟ್ಟಿ ಸಾಯಬಹುದು. ಬಿಂದುಶ್ರೀ ಕೈಚೀಲದಿಂದ ಹಾಳೆ ತೆಗೆದು ಅವರ ಮುಂದೆ ಹಿಡಿದಳು.

“ನೀವು ಬರೀಬೇಡಿ. ನಾನು ಬರೆದಿದ್ದೀನಿ. ಇದನ್ನ ನನ್ನ ಫೈಲಿಗೆ ಸೇರಿಸಿ.”

ವ್ಯಾಸರಾಜರಿಗೆ ಓದುವ ಕನ್ನಡಕ ಹತ್ತಿರವಿರಲಿಲ್ಲ. ತೋಳು ಚಾಚಿ, ಹಾಳೆಯನ್ನು ದೂರ ಹಿಡಿದು ಎರಡು ಸಾಲು ಓದಿ, ಮಡಚಲು ಹೋದರು. “ಆಮೇಲೆ ನೋಡೋಣ. ಎಲ್ಲರ ಮುಂದೆ ಇದೆಲ್ಲ...”

“ಕನ್ನಡಕ ಇಲ್ದಿದ್ರೆ ನಾನೇ ಹೇಳ್ತೀನಿ ಕೇಳಿ” ಎಂದಳು ಬಿಂದುಶ್ರೀ. ದನಿ ಎತ್ತಲಿಲ್ಲ. ಲ್ಯಾಬಿನಲ್ಲಿ ಹೊಸಬರಿಗೆ ಹಾಳೆ ಓದಿ ಹೇಳುವ ದನಿಯೇ ಅದು. “ಹೋದ ವರ್ಷ ಅಕ್ಟೋಬರಲ್ಲಿ ನಾನು ನಿಮ್ಗೆ ಹೇಳಿದ್ದು ಇಷ್ಟು. ಓದಿದ್ದು ತಲೆಗೆ ಹೋಗ್ತಿಲ್ಲ. ಓದದೇ ಸಹಿ ಹಾಕ್ದೆ. ಸ್ನಾನಕ್ಕೆ ಅಂತ ಹೋಗಿ ಟಬ್ಬಿನ ಅಂಚಲ್ಲಿ ಕೂತು, ನೀರು ಬಿಡ್ದೆ ವಾಪಸ್ ಬರ್ತೀನಿ. ಮಗಳು ಅಮ್ಮಾ ಅಂದ್ರೆ ಇನ್ಯಾರನ್ನೋ ಕರೀತಿದ್ದಾಳೆ ಅನ್ಸುತ್ತೆ. ಆವತ್ತು ಸೇತುವೆ ಯಾಕೆ ಹತ್ಲಿಲ್ಲ ಅಂತ ನೀವು ಕೇಳಿದ್ರಿ. ಹತ್ತಿದ್ರೆ ಆ ಕಡೆ ಇಳೀತೀನಿ ಅನ್ನೋ ನಂಬಿಕೆ ನನಗಿರ್ಲಿಲ್ಲ ಅಂದೆ. ನೀವು ಬೆನ್ನು ನೋಯುತ್ತೇನಮ್ಮ ಅಂದ್ರಿ.”

ಹಾಲಿನಲ್ಲಿ ಒಬ್ಬರ ಬಾಯಲ್ಲಿ ಹಪ್ಪಳ ಮುರಿದ ಸದ್ದು ಕೇಳಿತು. ಮುರಿದವರು ಅಗಿಯುವುದನ್ನು ನಿಲ್ಲಿಸಿದರು. ಎಲ್ಲರೂ ತಮ್ಮ ತಮ್ಮ ತಟ್ಟೆಯ ಕೋಸಂಬರಿಯನ್ನು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು. ಕುಬೇರಪ್ಪನವರು ಮೆಲ್ಲಗೆ ಮಜ್ಜಿಗೆ ತರಲು ಎದ್ದುಹೋದರು.

“ನನ್ನ ಬೆನ್ನಿಗೆ ಏನೂ ಆಗಿಲ್ಲ” ಎಂದು ಅವಳು ಹಾಲಿನಲ್ಲಿದ್ದವರಿಗೆಲ್ಲ ಹೇಳಿದಳು. “ಎಣ್ಣೆ ವಾಪಸ್ ಬೇಕಾದೋರು ಮನೆಗೆ ಬನ್ನಿ.”

“ಬಿಂದೂ.” ಸೌದಾಮಿನಿ ತಟ್ಟೆ ಕೆಳಗಿಟ್ಟು ಎದ್ದಿದ್ದಳು. ಅವಳ ಮುಖ ಕೆಂಪಾಗಿತ್ತು. “ನಾನು ಕೊಟ್ಟ ಕಾಗದ ಹರಿದು ಬಿಸಾಡು ಮಾರಾಯ್ತಿ. ಒಂದು ದಿನ ನಾನು ಬಂದಾಗ ನೀನು ಅಡಿಗೆಮನೆ ನೆಲದಲ್ಲಿ ಬೆಳ್ಳುಳ್ಳಿ ಹಿಡ್ಕೊಂಡು ಕೂತಿದ್ದಿ. ಸಂಜೆ ಪುನಃ ಬಂದ್ರೆ ಅದೇ ಬೆಳ್ಳುಳ್ಳಿ, ಅದೇ ಜಾಗ. ನಾನು ಬೆನ್ನು ಹಿಡ್ಕೊಂಡದ್ದು ಅಂತ ಬಿಸಿನೀರಿನ ಚೀಲ ತಂದುಕೊಟ್ಟೆ. ನನಗೆ ಎಂತದೂ ಗೊತ್ತಾಗ್ಲಿಲ್ವಾ? ಗೊತ್ತಾಗಿತ್ತು. ಬೇರೆ ಬರಿತೇನೆ.”

ವ್ಯಾಸರಾಜರು ಹಾಳೆಯನ್ನು ಶಲ್ಯದ ಒಳಗೆ ಸೇರಿಸಿದರು. “ಸರಿಯಮ್ಮ, ಸರಿ. ಸೋಮವಾರ ಸ್ಟಾಫಿಗೆ ಕೊಡ್ತೀನಿ.”

“ತಗೊಂಡೆ ಅಂತ ಇದರ ನಕಲಿನ ಮೇಲೆ ಒಂದು ಸಹಿ ಹಾಕಿ” ಎಂದು ಬಿಂದುಶ್ರೀ ಪೆನ್ನು ಚಾಚಿದಳು. “ಇವತ್ತಿನ ತಾರೀಖು.”

ಪಂಚೆ, ಶಲ್ಯ, ಹಣೆಯ ಅಂಗಾರ ಅಕ್ಷತೆಯ ಸಮೇತ ಡಾಕ್ಟರು ಟಿವಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಸಹಿ ಹಾಕಿದರು. ಅವಳು ಅದನ್ನು ಅಕ್ಷರ ಅಕ್ಷರವಾಗಿ ಓದಿ ನೋಡಿ ಮಡಚಿದಳು. ಓದಿದ್ದು ಜಾರಲಿಲ್ಲ. ಅದು ಅವಳಿಗೆ ಕಾರಿನಲ್ಲಿ ಕೂತ ಮೇಲೆ ಹೊಳೆಯಿತು.

ಮನೆಯ ಹತ್ತಿರ ಬಂದಾಗ ಅಜಯ್ ಕಾರು ನಿಲ್ಲಿಸಿದ. ಸಿಗ್ನಲ್ಲಿನಲ್ಲಿ ಕೆಂಪು ದೀಪದ ಕಡೆ ನೋಡುತ್ತ, “ನಾನೂ ಬೇರೆ ಬರೀತೀನಿ” ಎಂದ. “ತಲೆ ಬಾಚಿದ್ದು... ಅದನ್ನೂ ಬರೀಲಾ?”

ಆ ಚಳಿಗಾಲವೆಲ್ಲ ಅವಳ ಜಡೆ ಬಿಡಿಸಿ ಹೆಣೆದವನು ಅವನೇ. ಮಗಳು ನೋಡದಿರಲಿ ಎಂದು ಬಾಗಿಲು ಹಾಕಿಕೊಂಡು.

“ಬರೀರಿ” ಎಂದಳು. “ಬಾಗಿಲು ಹಾಕ್ಕೊಂಡಿದ್ದನ್ನೂ ಬರೀರಿ.”

ಮೇಲ್ಮನವಿ ಹೋಯಿತು. ಕಂಪನಿಯವರು ತಮಗೆ ಸಿಕ್ಕ ಪೂರ್ತಿ ಅವಧಿಯನ್ನು ಬಳಸಿಕೊಂಡು, ಅದರ ಮೇಲೆ ಇನ್ನಷ್ಟು ಕೇಳಿ ತೆಗೆದುಕೊಂಡು, ಮೊದಲಿನಷ್ಟೇ ವಿನಯದಿಂದ ಉತ್ತರ ಕೊಟ್ಟರು. ಹೊಸದಾಗಿ ದೊರೆತ ದಾಖಲೆಗಳ ಬೆಳಕಿನಲ್ಲಿ ತಮ್ಮ ಕ್ಲೇಮನ್ನು ಒಪ್ಪಿದ್ದೇವೆ ಎಂದು. ಕೆಳಗೆ ಇನ್ನೊಂದು ಸಾಲಿತ್ತು. ಮಾನಸಿಕ ಕಾಯಿಲೆಯಾದ್ದರಿಂದ ಈ ನೆರವು ಎರಡು ವರ್ಷಕ್ಕೆ ಮಾತ್ರ. ವಿಭಾ ಅದನ್ನು ವಿವರಿಸಿದಳು: ದೇಹದ ಕಾಯಿಲೆಯಾದರೆ ನಿವೃತ್ತಿಯ ವಯಸ್ಸಿನವರೆಗೆ ಕೊಡುತ್ತಾರೆ, ಮನಸ್ಸಿನದಾದರೆ ಎರಡೇ ವರ್ಷ, ಹೆಚ್ಚಿನ ಪಾಲಿಸಿಗಳೆಲ್ಲ ಹಾಗೇ. ಮನಸ್ಸು ಎಷ್ಟರೊಳಗೆ ರಿಪೇರಿಯಾಗಬೇಕು ಎಂದು ಯಾವುದೋ ಮೀಟಿಂಗಿನಲ್ಲಿ ಕಾಫಿ ಕುಡಿಯುತ್ತ ಯಾರೋ ಗೊತ್ತುಮಾಡಿದ್ದರು.

“ಬೆನ್ನೇ ಆಗಿದ್ರೆ ಲಾಭ ಇತ್ತು ನೋಡಿ” ಎಂದಳು ಬಿಂದುಶ್ರೀ. ಅಜಯನಿಗೆ ನಗು ಬರಲಿಲ್ಲ.

ಎರಡು ವರ್ಷವಾದರೂ ಸಿಕ್ಕಿತು. ಅವಳು ಈಗ ದಿನಕ್ಕೆ ಒಂದು ಪುಟ ಓದುತ್ತಾಳೆ. ಕೆಲವು ದಿನ ಅದೂ ಇಲ್ಲ. ಬೆಳಿಗ್ಗೆ ಜೌಗಿನ ಕಡೆ ನಡೆದುಹೋಗಿ ಬರುತ್ತಾಳೆ. ಕೂಟದ ಕಾರ್ಯಕ್ರಮಗಳಿಗೆ ಕರೆ ಬರುವುದು ಕಡಿಮೆಯಾಗಿದೆ. ಎಣ್ಣೆ ವಾಪಸ್ ಕೇಳಲು ಯಾರೂ ಬರಲಿಲ್ಲ.

ಮೊನ್ನೆ ಫ್ರೀಮಾಂಟಿನ ಗ್ರೋಸರಿಯಲ್ಲಿ ಕರಿಬೇವಿನ ರಾಶಿಯ ಮುಂದೆ ವ್ಯಾಸರಾಜರು ಎದುರಾದರು. ಬಾಯ್ತುಂಬ ನಗು.

“ಏನಮ್ಮ ಬಿಂದು, ಹೇಗಿದ್ದೀಯ?”

“ಚೆನ್ನಾ...” ಎಂದವಳು ತಡೆದಳು. “ನಿನ್ನೆ ಪರವಾಗಿಲ್ಲ. ಇವತ್ತು ಅಷ್ಟಕ್ಕಷ್ಟೆ.”

ಉತ್ತರ ಅವರ ಕಿವಿಗೆ ಬಿದ್ದ ಹಾಗಿರಲಿಲ್ಲ. “ಗೆದ್ದೆಯಂತಲ್ಲ, ಬಹಳ ಸಂತೋಷ. ನಾನು ಎಲ್ಲರಿಗೂ ನಿನ್ನ ಉದಾಹರಣೆಯನ್ನೇ ಕೊಡೋದು. ಈ ಸಲ ರಾಜ್ಯೋತ್ಸವಕ್ಕೆ ಕೂಟದಿಂದ ಮಾನಸಿಕ ಆರೋಗ್ಯದ ಮೇಲೆ ಒಂದು ಸೆಮಿನಾರ್ ಇಟ್ಟಿದ್ದೀವಿ. ನಾನೇ ಮುಖ್ಯ ಭಾಷಣ. ನೀನು ಬಂದು ಪ್ರಾರ್ಥನೆ ಹಾಡಬೇಕು, ಒಂದು ಫೋಟೋನೂ ಆಗಲಿ. ಇಂಥದ್ದನ್ನೆಲ್ಲ ಮುಚ್ಚಿಡಬಾರದಮ್ಮ, ನಮ್ಮ ಜನ ಯಾವಾಗ ಇದನ್ನ...”

ಬಿಂದುಶ್ರೀ ಒಂದು ಹಿಡಿ ಕರಿಬೇವನ್ನು ಮೂಗಿಗೆ ಹಿಡಿದು ನೋಡಿ, ತಾಜಾ ಇದ್ದುದನ್ನು ಚೀಲಕ್ಕೆ ಹಾಕಿಕೊಂಡು, ತಳ್ಳುಗಾಡಿಯನ್ನು ಬಿಲ್ಲಿನ ಸಾಲಿನ ಕಡೆ ತಿರುಗಿಸಿದಳು. ಅದರ ಒಂದು ಚಕ್ರ ಕಿರಗುಟ್ಟುತ್ತಿತ್ತು. ಹಿಂದಿನಿಂದ ಡಾಕ್ಟರ ಮಾತು ಇನ್ನೂ ಬರುತ್ತಲೇ ಇತ್ತು: “...ಮನಸ್ಸು ಅನ್ನೋದು ನೋಡಮ್ಮ, ಒಂದು ಹೂವಿನ ಹಾಗೆ, ಅದನ್ನ ನಾವು ಮೊದಲ ದಿನದಿಂದಲೇ...”